ಪಡುಗಡಲ ಹವಳದುರ್ಗ

ಟಿಪ್ಪು ಸುಲ್ತಾನನ ಸೈನ್ಯ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ 1783ನೆಯ ಇಸವಿಯಲ್ಲೇ, ಅಮಿನಿ ಎಂಬ ಸಣ್ಣ ದ್ವೀಪದ ಕೆಲವು ಜನ ಪಡುಗಡಲನ್ನು ದಾಟಿ ಮಂಗಳೂರಿಗೆ ಬಂದರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿ ನೊಂದಿದ್ದ ಅವರು, ತಮ್ಮ ನೆಲವನ್ನು ಮೈಸೂರಿನ ಛತ್ರಛಾಯೆಗೆ ಸೇರಿಸಿಕೊಳ್ಳಬೇಕೆಂದು ಸುಲ್ತಾನನಲ್ಲಿ ಬಿನ್ನವಿಸಿಕೊಂಡರು. ಅರಕ್ಕಲ್ ಬೀಬಿ ಆಗ ಮೈಸೂರಿಗೆ ಮಿತ್ರಳಾಗಿದ್ದುದರಿಂದ ಈ ಕಾರ್ಯ ಖಡ್ಗದಿಂದ ಆಗುವಂಥದ್ದಾಗಿರಲಿಲ್ಲ. ನಾಲ್ಕು ವರ್ಷಗಳ ರಾಜನೀತಿಯ ತರುವಾಯ, ಬೀಬಿಗೆ ಚಿರಕ್ಕಲ್ ಸೀಮೆಯಲ್ಲಿ ಜಹಗೀರು ಕೊಟ್ಟು, 1787ರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳನ್ನು ಟಿಪ್ಪು ತನ್ನ ರಾಜ್ಯಕ್ಕೆ ಸೇರಿಸಿಕೊಂಡನು. ಕಾವೇರಿಯ ನಡುಗಡ್ಡೆಯಲ್ಲಿದ್ದ ಸಿಂಹಾಸನಕ್ಕೆ ಕಡಲ ನಡುಗಡ್ಡೆಗಳು ಅಧೀನವಾದುದು ಹೀಗೆ. ಹನ್ನೆರಡು ವರ್ಷಗಳಲ್ಲಿ ಶ್ರೀರಂಗಪಟ್ಟಣ ಪತನವಾಯಿತು; ಕೆನರಾ ಸೀಮೆಯೊಡನೆ ಈ ಐದೂ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಕೆನರಾದ ಮೊದಲ ಕಲೆಕ್ಟರನಾಗಿ ಥಾಮಸ್ ಮನ್ರೋ ಬಂದ ಕಾಲದಿಂದ ಮೊದಲ್ಗೊಂಡು 1956ರವರೆಗೆ, ಅಮಿನ್‌ದಿವಿ ಎಂದು ಕರೆಯಲ್ಪಟ್ಟ ಆ ದ್ವೀಪಸಮೂಹದ ಕಡತಗಳು ಮಂಗಳೂರಿನ ಕಚೇರಿಯಲ್ಲೇ ತೆರೆದು ಅಲ್ಲೇ ಮುಚ್ಚಿದವು. ವಿಧಿಯ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು: ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದ 1956ರ ನವೆಂಬರ್ 1ರಂದೇ ದಕ್ಷಿಣ ಕನ್ನಡದ ಆ ಕಡಲಾಚೆಯ ಮಕ್ಕಳು ಅದರಿಂದ ಬೇರ್ಪಟ್ಟು, ಇಂದು ಲಕ್ಷದ್ವೀಪವೆಂದು ನಾವು ಕರೆಯುವ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದರು.

ನೂರ ಅರವತ್ತೊಂಬತ್ತು ವರ್ಷ ನಮ್ಮೊಡನಿದ್ದ ಆ ನೆಲದ ಚರಿತ್ರೆಯನ್ನು ಅರಸರ ಹೆಸರುಗಳಿಂದ ಬರೆದು ಮುಗಿಸಲಾಗದು. ಅಲ್ಲಿ ಆಳಿದವರೆಲ್ಲರೂ ಅವರಿಗಿಂತ ಬಹು ಪುರಾತನವಾದ ಒಂದು ಒಡೆತನದ ಮೇಲೆ ನಿಂತು ಆಳಿದರು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದ ಅಗ್ನಿ ದಖ್ಖನ್ನಿನ ಮೇಲೆ ಉಕ್ಕಿ ಪ್ರವಹಿಸಿತು. ವಿಜಯಪುರ, ಬೆಳಗಾವಿ, ಕಲಬುರಗಿಯ ಎರೆಭೂಮಿ ಆ ಪ್ರವಾಹದ ಶೇಷ. ಆದಿಲ್‌ಶಾಹಿಗಳು ಗೋಲಗುಮ್ಮಟವನ್ನು ಎತ್ತಿ ನಿಲ್ಲಿಸಿದ ಕರಿಗಲ್ಲು ಅದೇ ಅಗ್ನಿಯ ಕೊಡುಗೆ. ಭರತಖಂಡ ಉತ್ತರಾಭಿಮುಖವಾಗಿ ಸರಿಯುತ್ತ ಹೋದಂತೆ, ಈಗ ರಿಯೂನಿಯನ್ ದ್ವೀಪದಡಿಯಲ್ಲಿ ಉರಿಯುತ್ತಿರುವ ಆ ಅಗ್ನಿಕುಂಡವೇ ಲಕ್ಷದ್ವೀಪದಿಂದ ಮಾಲ್ಡೀವ್ಸ್ ದಾಟಿ ಚಾಗೋಸ್‌ವರೆಗೆ ಕಡಲತಳದಲ್ಲಿ ಪರ್ವತಶ್ರೇಣಿಯೊಂದನ್ನು ಎಬ್ಬಿಸಿತೆಂಬುದು ಬಹುಮಂದಿ ಭೂವಿಜ್ಞಾನಿಗಳ ಮತ. ಹಾಗಿರುವಾಗ ನಮ್ಮ ಉತ್ತರದ ಕಪ್ಪುನೆಲಕ್ಕೂ ಪಶ್ಚಿಮದ ಬಿಳಿಮರಳಿನ ದ್ವೀಪಗಳಿಗೂ ಇರುವ ನಂಟು ಯಾವ ಸುಲ್ತಾನನ ಸನ್ನದಿಗಿಂತಲೂ ಹಳೆಯದು.

ಅಗ್ನಿ ಶಮಿಸಿದ ಮೇಲೆ ಗಿರಿಶಿಖರಗಳು ತಮ್ಮ ಭಾರಕ್ಕೆ ತಾವೇ ಕುಸಿಯತೊಡಗಿದವು. ಆ ಕುಸಿತವನ್ನು ಎದುರಿಸಿ ನಿಂತದ್ದು ಪಾಲಿಪ್ ಎಂಬ ಮೃದುದೇಹದ ಪುಟ್ಟ ಜೀವಿ. ಕಡಲ ನೀರಿನಿಂದ ಸುಣ್ಣವನ್ನು ಸಂಗ್ರಹಿಸಿ ತನ್ನ ಸುತ್ತ ಕಲ್ಲಿನ ಬಟ್ಟಲೊಂದನ್ನು ಕಟ್ಟಿಕೊಳ್ಳುವುದು, ಅಲ್ಲೇ ಬದುಕಿ ಅಳಿಯುವುದು, ಅದರ ಮೇಲೆ ಸಂತತಿ ಮತ್ತೊಂದನ್ನು ಕಟ್ಟುವುದು, ಇದು ಅದರ ಕುಲಧರ್ಮ. ಇದನ್ನು ಅದು ಏಕಾಂಗಿಯಾಗಿ ನಡೆಸುವುದಿಲ್ಲ. ಅದರ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಪಾಚಿಯೊಂದು ವಾಸವಾಗಿದ್ದು, ಸೂರ್ಯಪ್ರಕಾಶದಿಂದ ಅನ್ನವನ್ನು ತಯಾರಿಸಿ ಆಶ್ರಯದಾತನಿಗೆ ಕಪ್ಪವಾಗಿ ಒಪ್ಪಿಸುತ್ತದೆ. ಹವಳದ ಆಹಾರದ ಬಹುಭಾಗವೂ ಅದರ ಬಣ್ಣದ ಹೆಚ್ಚಿನ ಪಾಲೂ ಆ ಪಾಚಿಯಿಂದ ಬಂದದ್ದು. ಶಿಖರ ಮುಳುಗಿದಷ್ಟೂ ಹವಳ ಮೇಲೆ ಕಟ್ಟಿತು. ಗಿರಿ ಸಂಪೂರ್ಣ ಅಡಗಿದ ಮೇಲೆ ಅದನ್ನು ಸುತ್ತುವರಿದಿದ್ದ ಹವಳದ ಬಳೆ ಮಾತ್ರ ಅಲೆಗಳ ಮಟ್ಟದಲ್ಲಿ ಉಳಿಯಿತು. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಈ ತತ್ತ್ವವನ್ನು ತನ್ನ ಗ್ರಂಥದಲ್ಲಿ ಮಂಡಿಸಿದಾಗ ಅದು ಕೇವಲ ಪ್ರತಿಭೆಯ ಊಹೆಯಾಗಿತ್ತು. ನೂರ ಹತ್ತು ವರ್ಷಗಳ ಬಳಿಕ ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಹವಳವನ್ನು ಕೊರೆಯುತ್ತ ಹೋದವರಿಗೆ 1,200 ಮೀಟರಿಗೂ ಕೆಳಗೆ ಜ್ವಾಲಾಮುಖಿಯ ಶಿಲೆ ದೊರೆತು, ಆ ಊಹೆ ಶಾಸ್ತ್ರವಾಯಿತು.

ಈ ದುರ್ಗದ ರಚನೆಯನ್ನು ಬಲ್ಲವರು ಚಿತ್ರದುರ್ಗದ ಏಳು ಸುತ್ತನ್ನು ಮೆಚ್ಚುವಷ್ಟೇ ಭಕ್ತಿಯಿಂದ ಇದನ್ನೂ ಮೆಚ್ಚಬೇಕು. ಲಕ್ಷದ್ವೀಪದ ಎಲ್ಲ ನೆಲವನ್ನೂ ಕೂಡಿಸಿದರೆ 32 ಚದರ ಕಿಲೋಮೀಟರು. ಅದೂ ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರ. ದ್ವೀಪಗಳಲ್ಲಿ ಹೆಚ್ಚಿನವು ಹವಳದ ಬಳೆಯ ಪೂರ್ವದ ಅಂಚಿನಲ್ಲಿ ಮಲಗಿವೆ. ಪಶ್ಚಿಮಕ್ಕೆ ಲಗೂನ್ ಎಂಬ ಪ್ರಶಾಂತ ಜಲಾಶಯ, ಅದರಾಚೆ ಹವಳದ ದಿಬ್ಬದ ಕೊತ್ತಲ, ಅದರಾಚೆ ತಳವಿಲ್ಲದ ಕಡಲು. ನೈಋತ್ಯ ಮಾನ್ಸೂನಿನ ಮಹಾತರಂಗಗಳು ಬಂದು ಅಪ್ಪಳಿಸುವುದು ಆ ಕೊತ್ತಲಕ್ಕೆ. ಜಗತ್ತಿನ ಹವಳದ ದಿಬ್ಬಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಸಮಗ್ರ ಅಧ್ಯಯನದ ಪ್ರಕಾರ, ಆರೋಗ್ಯವಂತ ದಿಬ್ಬ ಅಲೆಗಳ ಶಕ್ತಿಯಲ್ಲಿ ಸರಾಸರಿ ಶೇಕಡ 97ರಷ್ಟನ್ನು ತಾನೇ ಹೀರಿಕೊಳ್ಳುತ್ತದೆ. ದ್ವೀಪದ ಮರಳು ಕೂಡ ಹವಳದ ದಾನವೇ: ಸತ್ತ ಹವಳದ ಮೇಲಿನ ಪಾಚಿಯನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿನ್ನುವ ಗಿಳಿಮೀನುಗಳು ಆ ಕಲ್ಲನ್ನು ಅರೆದು ಮರಳಾಗಿ ವಿಸರ್ಜಿಸುತ್ತವೆ, ಅಲೆ ಅದನ್ನು ದಡಕ್ಕೆ ಸಾಗಿಸುತ್ತದೆ. ಆ ಮರಳಿನಡಿ, ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರವೇ ಬಾವಿಗಳಿಗೆ ಆಧಾರ, ತೆಂಗಿಗೆ ಆಧಾರ, ಮನುಷ್ಯನಿಗೆ ಆಧಾರ. ದಿಬ್ಬ ತಗ್ಗಿದರೆ ಕಡಲು ಒಳನುಗ್ಗಿ ಆ ಪದರವನ್ನು ಉಪ್ಪಾಗಿಸುತ್ತದೆ. ನೆಲ ಮುಳುಗುವ ಎಷ್ಟೋ ಮುಂಚೆಯೇ ಊರು ಬರಿದಾಗುತ್ತದೆ.

ಇಂಥ ಕೋಟೆಯ ಆಶ್ರಯದಲ್ಲಿ ರಾಜ್ಯಗಳು ಬಂದವು, ಹೋದವು. ರಾಜರಾಜ ಚೋಳನು ಕಡಲ ಹನ್ನೆರಡು ಸಾವಿರ ಹಳೆಯ ದ್ವೀಪಗಳನ್ನು ಗೆದ್ದುದಾಗಿ ಶಾಸನಗಳಲ್ಲಿ ಸಾರಿಸಿದನು. ವಿದ್ವಾಂಸರು ಅದನ್ನು ಮುಖ್ಯವಾಗಿ ಮಾಲ್ಡೀವ್ಸ್ ಎಂದು ಅರ್ಥೈಸುತ್ತಾರೆ. ಏಳನೆಯ ಶತಮಾನದಲ್ಲಿ ಹಜರತ್ ಉಬೈದುಲ್ಲಾ ಅಮಿನಿಗೆ ಬಂದು ಇಸ್ಲಾಮನ್ನು ಬೋಧಿಸಿದರೆಂದು ದ್ವೀಪದ ಪರಂಪರೆ ನಂಬುತ್ತದೆ. ಅವರ ಸಮಾಧಿ ಆಂದ್ರೋತ್‌ನಲ್ಲಿದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಅಮಿನಿಯಲ್ಲಿ ಕೋಟೆ ಕಟ್ಟಿದರು, ದ್ವೀಪದವರು ವಿಷವಿಟ್ಟು ಅವರನ್ನು ನಿರ್ಮೂಲ ಮಾಡಿದರೆಂದು ಪ್ರತೀತಿ. ಅರಕ್ಕಲ್ ಅರಸರು ತೆಂಗಿನ ನಾರಿನ ಜೊತೆಗೆ ಕವಡೆ, ಆಮೆಚಿಪ್ಪು, ತಿಮಿಂಗಿಲದಿಂದ ದೊರೆಯುವ ಅಂಬರ್, ಸಮುದ್ರ ಸೌತೆ ಎಂಬ ಕಡಲಜೀವಿಗಳನ್ನೂ ತಮ್ಮ ಏಕಸ್ವಾಮ್ಯವಾಗಿಸಿಕೊಂಡರು. ನೋಡಿ, ಬೊಕ್ಕಸ ತುಂಬಿದ ವಸ್ತುಗಳಲ್ಲಿ ನಾರನ್ನು ಬಿಟ್ಟರೆ ಮಿಕ್ಕದ್ದೆಲ್ಲ ಕಡಲ ಸೊತ್ತು. ನಮ್ಮ ಅಜ್ಜಿಯರು ಚೌಕಾಬಾರ ಆಡಿದ ಕವಡೆಗಳು ಇಂಥ ಹವಳದ ಕಡಲುಗಳಿಂದಲೇ ಭರತಖಂಡದ ಮನೆಗಳಿಗೆ ಬಂದವು. (ನವರತ್ನದ ಕೆಂಪು ಹವಳದ ಜನ್ಮಸ್ಥಾನ ಬೇರೆ, ಅದು ಮೆಡಿಟರೇನಿಯನ್ ಸಮುದ್ರದಿಂದ ಹಡಗೇರಿ ಬಂದದ್ದು.) ಕಂಪನಿ ಸರ್ಕಾರ ಅಮಿನಿಯಲ್ಲಿ ಮೊನೆಗಾರನೆಂಬ ಅಧಿಕಾರಿಯನ್ನು ನೇಮಿಸಿತು. ದ್ವೀಪದ ನಾರು, ಕೊಬ್ಬರಿ, ಬೆಲ್ಲ ಓಡಂ ಹಡಗುಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿದ್ದವು. ಮರಳುವಾಗ ಅಕ್ಕಿ ಹೋಗುತ್ತಿತ್ತು.

1847ರ ಏಪ್ರಿಲ್‌ನಲ್ಲಿ ಭೀಕರ ಚಂಡಮಾರುತವೊಂದು ಕಲ್ಪೇನಿ, ಆಂದ್ರೋತ್, ಕಿಲ್ತಾನ್‌ಗಳ ಮೇಲೆ ಎರಗಿತು. ಜನ ಕೊಚ್ಚಿಹೋದರು, ತೆಂಗಿನ ತೋಟಗಳು ನೆಲಸಮವಾದವು, ಬಾವಿಗಳಿಗೆ ಉಪ್ಪುನೀರು ನುಗ್ಗಿತು. ಹಾನಿಯನ್ನು ಪರಿಶೀಲಿಸಲು ಬಂದ ಕಂಪನಿಯ ಅಧಿಕಾರಿ ವಿಲಿಯಂ ರಾಬಿನ್ಸನ್ ಬರೆದ ವರದಿ ಆ ಕಾಲದ ದ್ವೀಪಜೀವನಕ್ಕೆ ನಮಗಿರುವ ಅಮೂಲ್ಯ ಸಾಕ್ಷಿಗಳಲ್ಲೊಂದು. ಆ ವಿಪತ್ತು ಅರಕ್ಕಲ್ ಮನೆತನವನ್ನು ಕಂಪನಿಯ ಸಾಲಕ್ಕೆ ನೂಕಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರ ಪಾಲಿನ ದ್ವೀಪಗಳೂ ಬ್ರಿಟಿಷರ ವಶವಾದವು. ಮನೆತನ ಚೇತರಿಸಿಕೊಳ್ಳಲಿಲ್ಲ, ಹವಳ ಚೇತರಿಸಿಕೊಂಡಿತು. ಬಿರುಗಾಳಿ ಮುರಿದ ಕೊಂಬೆಯನ್ನು ಮತ್ತೆ ಬೆಳೆಸುವ ವಿದ್ಯೆ ಅದಕ್ಕೆ ಯುಗಯುಗಾಂತರಗಳಿಂದ ಕರಗತವಾಗಿತ್ತು. ಅದಕ್ಕೆ ಬೇಕಾದುದು ಒಂದೇ, ಎರಡು ಯುದ್ಧಗಳ ನಡುವಿನ ಶಾಂತಿಯ ವರ್ಷಗಳು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದಿನ ಕಥೆಯೆಲ್ಲ ಅದರದ್ದೇ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ದ್ವೀಪಗಳ ಆಡಳಿತ ಮಾಡಿದ ಒಂದು ಕಾರ್ಯ ಹವಳಕ್ಕೆ ಮಹೋಪಕಾರವಾಯಿತು. ದಕ್ಷಿಣದ ಮಿನಿಕಾಯ್ ದ್ವೀಪದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದ ಟ್ಯೂನಾ ಬೇಟೆಯನ್ನು ಮೀನುಗಾರಿಕೆ ಇಲಾಖೆ ಇತರ ದ್ವೀಪಗಳಿಗೂ ಕಲಿಸಿತು. ಲಗೂನಿನಲ್ಲಿ ಹಿಡಿದ ಸಣ್ಣ ಮೀನುಗಳನ್ನು ಜೀವಂತವಾಗಿ ದೋಣಿಯಲ್ಲಿಟ್ಟುಕೊಂಡು, ಹೊರಗಡಲಿನಲ್ಲಿ ಅವನ್ನು ಎರಚಿ, ಮೇಲೇಳುವ ಟ್ಯೂನಾಗಳನ್ನು ಗಾಳಕಟ್ಟಿದ ಕೋಲಿನಿಂದ ಒಂದೊಂದಾಗಿ ಎತ್ತಿ ಹಾಕುವ ಸಾಹಸ ಅದು. ಬೇಯಿಸಿ, ಹೊಗೆಯಿಟ್ಟು, ಒಣಗಿಸಿದ ಆ ಮೀನೇ ಮಾಸ್ ಮೀನು. ದ್ವೀಪದ ಗಂಡಸರು ಹೊರಗಡಲಿನತ್ತ ಮುಖ ಮಾಡಿದುದರಿಂದ ದಿಬ್ಬದ ಗಿಳಿಮೀನುಗಳೂ ಇತರ ಪಾಚಿಭಕ್ಷಕ ಮೀನುಗಳೂ ಬಲೆಯಿಂದ ಪಾರಾದವು. ಹವಳದ ಮಟ್ಟಿಗೆ ಅವು ದುರ್ಗದ ಕಾವಲುಭಟರು. ಸತ್ತ ಹವಳವನ್ನು ಪಾಚಿ ಆವರಿಸಿಕೊಳ್ಳದಂತೆ ಮೇಯ್ದು, ಹವಳದ ಹೊಸ ಲಾರ್ವಾ ಬಂದು ನೆಲೆಯೂರಲು ಜಾಗ ತೆರವು ಮಾಡುವವರು ಅವರೇ. ಯಾರೂ ಯುದ್ಧವನ್ನು ನಿರೀಕ್ಷಿಸಿ ಈ ಸೈನ್ಯವನ್ನು ಉಳಿಸಿರಲಿಲ್ಲ. ಆದರೆ ಯುದ್ಧ ಬಂದಾಗ ಸೈನ್ಯ ಸನ್ನದ್ಧವಾಗಿತ್ತು.

ಯುದ್ಧ ಬಂದದ್ದು 1998ರ ಬೇಸಿಗೆಯಲ್ಲಿ. ಪೆಸಿಫಿಕ್‌ನಲ್ಲಿ ಹುಟ್ಟಿದ ಪ್ರಚಂಡ ಎಲ್ ನಿನೊ, ಶತಮಾನದ ಕಾಲ ಮನುಷ್ಯ ಸುಟ್ಟ ಇಂಧನದಿಂದ ಆಗಲೇ ಬಿಸಿಯಾಗಿದ್ದ ಸಾಗರಗಳಿಗೆ ಮತ್ತಷ್ಟು ತಾಪವನ್ನು ಸುರಿಯಿತು. ಕಡಲಿನ ಉಷ್ಣತೆ ಬೇಸಿಗೆಯ ಗರಿಷ್ಠ ಮಿತಿಯಿಂದ ಒಂದೇ ಡಿಗ್ರಿ ಮೇಲೇರಿ ಕೆಲವು ವಾರ ನಿಂತರೆ ಸಾಕು, ಹವಳಕ್ಕೂ ಅದರ ಪಾಚಿಗೂ ನಡುವಿನ ಪುರಾತನ ಒಪ್ಪಂದ ಮುರಿಯುತ್ತದೆ. ತಾಪದಲ್ಲಿ ಪಾಚಿ ವಿಷಕಾರಿಯಾಗುತ್ತದೆ, ಹವಳ ಅದನ್ನು ಹೊರದಬ್ಬುತ್ತದೆ, ಪಾರದರ್ಶಕ ದೇಹದೊಳಗಿನಿಂದ ಸುಣ್ಣದ ಅಸ್ಥಿ ಬೆಳ್ಳಗೆ ಗೋಚರಿಸುತ್ತದೆ. ಬಿಳಿಚಿದ ಹವಳ ಇನ್ನೂ ಜೀವಂತ. ಆದರೆ ಅದು ಅನ್ನದ ದಾರಿ ಕಡಿದುಹೋದ ಮುತ್ತಿಗೆಯ ಊರು. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ, ತಣಿಯದಿದ್ದರೆ ಊರು ಹಸಿವಿನಿಂದ ಸಾಯುತ್ತದೆ. ಆ ವರ್ಷ ಭಾರತದ ಮೂರು ಹವಳ ಪ್ರದೇಶಗಳನ್ನು ಪರಿಶೀಲಿಸಿದ ರೋಹನ್ ಆರ್ಥರ್ ಅವರು ಲಕ್ಷದ್ವೀಪದಲ್ಲಿ ಶೇಕಡ 82ರಷ್ಟು, ಮನ್ನಾರ್ ಕೊಲ್ಲಿಯಲ್ಲಿ ಶೇಕಡ 89ರಷ್ಟು ಹವಳ ಬಿಳಿಚಿದ್ದನ್ನು ದಾಖಲಿಸಿದರು. ಮೊದಲು ಬಿದ್ದದ್ದು ಕವಲೊಡೆದು ಬೆಳೆಯುವ ಅಕ್ರೋಪೋರಾ ಕುಲ, ವೇಗವಾಗಿ ಬೆಳೆಯುವ, ಮೀನುಗಳಿಗೆ ಸಾವಿರ ಕೋಣೆಗಳ ಅರಮನೆಯಾಗಿದ್ದ ಹವಳ. ಗುಂಡುಬಂಡೆಗಳಂತೆ ನಿಧಾನವಾಗಿ ಬೆಳೆಯುವ ಪೊರೈಟಿಸ್ ಕುಲದ ಹಿರಿಯರು ಬಹುಮಟ್ಟಿಗೆ ತಡೆದು ನಿಂತರು.

ತರುವಾಯ ನಡೆದದ್ದು ನಮ್ಮ ಹೆಮ್ಮೆಗೆ ಪಾತ್ರವಾದ ಅಧ್ಯಾಯ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಯ ದಿಬ್ಬಗಳಿಗೆ ವರ್ಷಗಟ್ಟಲೆ ಮರಳಿ ಮರಳಿ ಇಳಿದು, ರಾಜ್ಯವೊಂದರ ಪುನರುತ್ಥಾನವನ್ನು ಆಸ್ಥಾನದ ಚರಿತ್ರಕಾರರಂತೆ ಬರೆದಿಟ್ಟರು. ಟಿಪ್ಪುವಿನ ಕಾಲದ ಮೈಸೂರು ದ್ವೀಪದ ನಾರಿನ ಲೆಕ್ಕ ಇಟ್ಟಿತ್ತು. ಈ ಮೈಸೂರು ದ್ವೀಪದ ಪ್ರಾಣದ ಲೆಕ್ಕ ಇಟ್ಟಿತು, ಎರಡನೆಯದೇ ದೊಡ್ಡ ಸೇವೆಯೆಂದು ನನ್ನ ಖಚಿತ ಅಭಿಪ್ರಾಯ. ಮಾನ್ಸೂನಿನ ಅಲೆಗಳಿಗೆ ಎದೆಯೊಡ್ಡಿದ ಪಶ್ಚಿಮದ ದಿಬ್ಬಗಳಲ್ಲಿ ಹವಳ ಮತ್ತೆ ವೇಗವಾಗಿ ಚಿಗುರಿದ್ದನ್ನು, ಆಶ್ರಯದಲ್ಲಿದ್ದ ಪೂರ್ವದ ದಿಬ್ಬಗಳಲ್ಲಿ ಚೇತರಿಕೆ ಕುಂಟಿದ್ದನ್ನು ಅವರು ಕಂಡರು. ಕಾವಲುಮೀನುಗಳು ಉಳಿದಿದ್ದುದರಿಂದ ಪಾಚಿ ಸಿಂಹಾಸನವನ್ನು ಅಪಹರಿಸಲಾಗಲಿಲ್ಲ. ಹನ್ನೆರಡು ವರ್ಷಗಳ ಶಾಂತಿ ದೊರೆಯಿತು, ದುರ್ಗದ ಗೋಡೆಗಳು ಮತ್ತೆ ಏಳತೊಡಗಿದವು.

2010ರಲ್ಲಿ ತಾಪ ಮರಳಿ ಬಂತು. 2016ರಲ್ಲಿ ಮತ್ತೆ. ಆ ಮೂರು ದಾಳಿಗಳನ್ನು ಹೋಲಿಸಿದ ವಿಜ್ಞಾನಿಗಳಿಗೆ ಕಂಡ ಸತ್ಯ ಗಂಭೀರವಾದದ್ದು: ಪ್ರತಿ ಸಲವೂ ಸಾಯುವ ಹವಳದ ಪಾಲು ಹಿಂದಿಗಿಂತ ಕಡಿಮೆಯಾಗುತ್ತ ಬಂತು, ಏಕೆಂದರೆ ದುರ್ಬಲರು ಮೊದಲೇ ಅಳಿದು ಸಹಿಷ್ಣುಗಳು ಉಳಿದಿದ್ದರು, ಆದರೆ ಪ್ರತಿ ಸಲವೂ ಚೇತರಿಕೆಯ ವೇಗ ಇಳಿಯುತ್ತ ಹೋಯಿತು. 1998ರಲ್ಲಿ ಸುಮಾರು ಶೇಕಡ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ಕ್ಕೆ ಸುಮಾರು ಶೇಕಡ 19ಕ್ಕೆ ಕುಸಿಯಿತು. ತಾಪದ ಉಪಟಳವಿಲ್ಲದೆ ಆರು ವರ್ಷ ಕಳೆದ ಮೇಲಷ್ಟೇ ಚೇತರಿಕೆ ನಿಜವಾಗಿ ಚುರುಕಾಗುತ್ತದೆಂದೂ ಆ ದೀರ್ಘ ಅಧ್ಯಯನ ತಿಳಿಸಿತು. 2010ಕ್ಕೂ 2016ಕ್ಕೂ ನಡುವೆ ಇದ್ದುದು ಸರಿಯಾಗಿ ಆರು ವರ್ಷ. ಚೇತರಿಕೆ ಓಟಕ್ಕೆ ಅಣಿಯಾದ ಗಳಿಗೆಯಲ್ಲೇ ಖಡ್ಗ ಮತ್ತೆ ಬಿತ್ತು.

ಕನ್ನಡಿಗರಿಗೆ ಈ ದುರಂತದ ಸ್ವರೂಪ ಅಪರಿಚಿತವಲ್ಲ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರವನ್ನು ಸೂರೆ ಮಾಡಿದಾಗ ಹೊಯ್ಸಳ ರಾಜ್ಯ ಅಳಿಯಲಿಲ್ಲ. ಮೂರನೆಯ ಬಲ್ಲಾಳ ತನ್ನ ರಾಜಧಾನಿಯನ್ನು ಮತ್ತೆ ಕಟ್ಟಿದನು. ಹದಿನಾರು ವರ್ಷಗಳ ಬಳಿಕ ತುಘಲಕನ ಸೇನೆ ಮತ್ತೆ ಬಂತು. ಬಲ್ಲಾಳ ಆಗಲೂ ಶೌರ್ಯಗುಂದದೆ ತಿರುವಣ್ಣಾಮಲೆಯಿಂದ ಹೋರಾಡಿದನು, ಆದರೆ ಕಳೆದುಕೊಂಡುದನ್ನು ತುಂಬಿಕೊಳ್ಳುವಷ್ಟು ಕಾಲವನ್ನು ವಿಧಿ ಅವನಿಗೆ ಕೊಡಲಿಲ್ಲ. 1343ರ ಹೊತ್ತಿಗೆ ಆ ವಂಶದ ಪ್ರತಾಪಸೂರ್ಯ ಅಸ್ತಂಗತನಾಗಿದ್ದನು. ಹವಳದ ಪಾಲಿಗೆ 2024 ಅಂಥ ಮತ್ತೊಂದು ದಂಡಯಾತ್ರೆಯ ವರ್ಷ. 2023ರ ಅಕ್ಟೋಬರ್ ಕೊನೆಯಿಂದಲೇ ಲಕ್ಷದ್ವೀಪದ ಕಡಲನ್ನು ಉಷ್ಣತರಂಗ ಆವರಿಸಿತ್ತೆಂದು, ಹವಳಗಳು ವ್ಯಾಪಕವಾಗಿ ಬಿಳಿಚಿವೆಯೆಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2024ರ ಮೇ ತಿಂಗಳಲ್ಲಿ ತಿಳಿಸಿತು. ಅದಕ್ಕೆ ಒಂದು ತಿಂಗಳು ಮುಂಚೆಯೇ ವಿಶ್ವವ್ಯಾಪಿಯಾದ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ಘೋಷಿತವಾಗಿತ್ತು. 2025ರ ಮಾರ್ಚ್ ಹೊತ್ತಿಗೆ ಭೂಮಂಡಲದ ಹವಳ ಪ್ರದೇಶದಲ್ಲಿ ಶೇಕಡ 84ರಷ್ಟು ಆ ತಾಪಕ್ಕೆ ಒಳಗಾಗಿತ್ತು. ಸಾಗರ ಹೀರಿಕೊಂಡ ಇಂಗಾಲದ ಡೈಆಕ್ಸೈಡ್ ನೀರಿನ ಆಮ್ಲತೆಯನ್ನು ಹೆಚ್ಚಿಸುತ್ತಿರುವುದರಿಂದ ಸುಣ್ಣ ಕಟ್ಟುವ ಕಾರ್ಯವೇ ಕಠಿಣವಾಗುತ್ತಿದೆ. ಕೋಟೆಗೆ ಮುತ್ತಿಗೆ ಬಿದ್ದ ಸಮಯದಲ್ಲಿ ಕಲ್ಲು, ಗಾರೆಗಳ ಸರಬರಾಜೂ ಕುಗ್ಗಿದಂತಾಯಿತು.

ಹೊರಗಿನ ವೈರಿ ಬಲಿಷ್ಠನಾದಾಗ ಒಳಗಿನ ದ್ರೋಹ ಎಷ್ಟು ಅಲ್ಪವಾದರೂ ಘಾತಕವೆಂಬುದನ್ನು ನಮ್ಮ ಚರಿತ್ರೆ ಶ್ರೀರಂಗಪಟ್ಟಣದಲ್ಲೇ ಕಂಡಿದೆ. ಹಡಗುಗಳ ದಾರಿಗೆಂದು ಲಗೂನಿನ ತಳವನ್ನು ಅಗೆದಾಗ ಏಳುವ ಕೆಸರು ಹವಳದ ಬೆಳಕನ್ನು ಕಸಿಯುತ್ತದೆ. ಮನೆ ಕಟ್ಟಲು ಹವಳದ ಕಲ್ಲನ್ನು ತೆಗೆದ ಕಾಲವೊಂದಿತ್ತು. ಈಗ, ಟ್ಯೂನಾ ಬಿಟ್ಟು ದಿಬ್ಬದ ಮೀನುಗಳನ್ನೇ ವ್ಯಾಪಾರಕ್ಕೆ ಹಿಡಿಯುವುದು ಬೆಳೆಯುತ್ತಿದೆ. 1998ರ ನಂತರ ದುರ್ಗವನ್ನು ಕಾಪಾಡಿದ ಕಾವಲುಭಟರನ್ನೇ ಮಾರುವುದು ಇದು, ಇದಕ್ಕೆ ಯಾವ ಸಮರ್ಥನೆಯೂ ನನಗೆ ಒಪ್ಪಿಗೆಯಿಲ್ಲ. ಸೋಲಿನ ರೂಪ ಹೇಗಿರುತ್ತದೆಂದು ತಿಳಿಯಬೇಕಾದವರು ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ದ್ವೀಪದ ಹಳೆಯ ನಕ್ಷೆಯನ್ನು ನೋಡಬೇಕು. 1968ರಲ್ಲಿ ಮೂರು ಹೆಕ್ಟೇರಿನಷ್ಟಿದ್ದ ಪರಳಿ-1 ಸವೆದು ಸಂಪೂರ್ಣ ಅದೃಶ್ಯವಾಯಿತೆಂದು 2017ರಲ್ಲಿ ಜಗತ್ತಿಗೆ ತಿಳಿಯಿತು.

ರಕ್ಷಣೆಯ ಶಾಸನಗಳು ಇಲ್ಲದಿಲ್ಲ. ದಿಬ್ಬ ಕಟ್ಟುವ ಹವಳಗಳೂ ಸಮುದ್ರ ಸೌತೆಗಳೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿದವು. ಒಂದು ಕಾಲಕ್ಕೆ ಅರಕ್ಕಲ್ ಬೊಕ್ಕಸಕ್ಕೆ ಸಲ್ಲುತ್ತಿದ್ದ ಸಮುದ್ರ ಸೌತೆಗೆಂದೇ 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿಯಲ್ಲಿ ಜಗತ್ತಿನ ಮೊದಲ ರಕ್ಷಿತ ತಾಣ ನಿರ್ಮಾಣವಾಯಿತು. ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಪೀಠವನ್ನು ಅಲಂಕರಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ಸಮಿತಿ, ದ್ವೀಪಗಳ ಅಭಿವೃದ್ಧಿ ಹೇಗೆ ನಡೆಯಬೇಕೆಂಬ ವಿವೇಕವನ್ನು ದಶಕದ ಹಿಂದೆಯೇ ಆಡಳಿತದ ಮುಂದಿಟ್ಟಿದೆ. ಭೂಮಂಡಲದ ತಾಪವನ್ನು ಇಳಿಸುವುದು ಒಂದು ದ್ವೀಪದ ಅಥವಾ ಒಂದು ದೇಶದ ಶಕ್ತಿಗೆ ಮೀರಿದ ಕಾರ್ಯ. ಆದರೆ 2024ರಿಂದ ಎಣಿಸಿದರೆ ಹವಳಕ್ಕೆ ಬೇಕಾದ ಆರು ವರ್ಷಗಳ ಶಾಂತಿ 2030ಕ್ಕೆ ತುಂಬುತ್ತದೆ. ಅಷ್ಟರವರೆಗಾದರೂ ಲಗೂನಿನಲ್ಲಿ ಹೂಳೆತ್ತುವ ಯಂತ್ರಗಳನ್ನು ತಡೆಹಿಡಿಯುವುದು, ಗಿಳಿಮೀನುಗಳ ಮೇಲೆ ಬಲೆ ಬೀಳದಂತೆ ನಿಷೇಧಿಸುವುದು, ಟ್ಯೂನಾ ಹಿಡಿಯುವ ದೋಣಿಗಳಿಗೆ ನ್ಯಾಯವಾದ ಬೆಲೆ ದೊರಕಿಸುವುದು, ಈ ಮೂರೂ ದ್ವೀಪಗಳ ರಾಜಧಾನಿ ಕವರತ್ತಿ ಮತ್ತು ದೆಹಲಿಯ ಕಚೇರಿಗಳ ಅಧಿಕಾರದೊಳಗೇ ಇವೆ.